ಗಂಗಾವತಿಯ ಬಿಸಿಲಲ್ಲಿ ಹಳೇ ಫೈಬರ್ ಬೋಟ್ ರಿಪೇರಿ

ಫೈಬರ್ ಕೊಳೆಯುವುದಿಲ್ಲ, ಅದರೊಳಗೆ ಮುಚ್ಚಿಟ್ಟ ಮರ ಕೊಳೆಯುತ್ತದೆ. ಹಳೇ ಬೋಟ್ ನೋಡಲು ಹೋದವರು ಬಣ್ಣ ನೋಡುತ್ತಾರೆ, ಗೀರು ನೋಡುತ್ತಾರೆ, ಎಂಜಿನ್ ಯಾವ ಕಂಪನಿ ಅಂತ ಕೇಳುತ್ತಾರೆ. ನಾನು ಒಂದು ದಪ್ಪ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಹೋಗಿದ್ದೆ. ಅದರ ಹಿಡಿಕೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಇರೋ ಕಡೆ ಟಣ್ ಅನ್ನುತ್ತದೆ. ಮರ ಮೆತ್ತಗಾದ ಕಡೆ ದಬ್ ಅನ್ನುತ್ತದೆ. ಈ ಬೋಟಿನ ಹಿಂಭಾಗ, ಅಂದರೆ ಎಂಜಿನ್ ಸಿಗಿಸುವ ಟ್ರಾನ್ಸಮ್, ಮುಕ್ಕಾಲು ಭಾಗ ದಬ್ ಅಂದಿತು.

ನಾನು ಗಂಗಾವತಿಯ ರೈಸ್ ಮಿಲ್‌ಗಳಲ್ಲಿ ಫಿಟ್ಟರ್. ಬೇರಿಂಗ್, ಶಾಫ್ಟ್, ಎಲಿವೇಟರ್ ಬೆಲ್ಟ್ ನನ್ನ ಕಸುಬು. ಬೋಟ್ ನಮ್ಮ ಮಾವನದು. ಅವರು ಹಿಂದೆ ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಗುತ್ತಿಗೆ ಮಾಡುತ್ತಿದ್ದರು. ಗುತ್ತಿಗೆ ಬಿಟ್ಟ ಮೇಲೆ 14 ಅಡಿಯ ಬೋಟನ್ನು ಮುನಿರಾಬಾದ್ ಹತ್ತಿರ ಬೇವಿನ ಮರದ ಕೆಳಗೆ ಹಾಗೇ ಬಿಟ್ಟಿದ್ದರು. ಕವುಚಿ ಇಟ್ಟಿದ್ದರೆ ಉಳಿಯುತ್ತಿತ್ತು. ಬಾಯಿ ಮೇಲೆ ಮಾಡಿ ಇಟ್ಟಿದ್ದಕ್ಕೆ ಪ್ರತಿ ಮಳೆಗಾಲದ ನೀರು, ಬೇವಿನೆಲೆ ಎಲ್ಲಾ ಒಳಗೇ ನಿಂತಿತ್ತು.

"ಒಯ್ಯೋದಿದ್ರ ಒಯ್ಯಿ ಅಳಿಯಾ. ಗುಜರಿಯವ್ನೂ ಫೈಬರ್ ಬ್ಯಾಡ ಅಂತಾನ" ಅಂದರು ಮಾವ. ಅದು ನಿಜ. ಕಬ್ಬಿಣವಾದರೆ ತೂಕಕ್ಕೆ ಹೋಗುತ್ತದೆ, ಹಳೇ ಫೈಬರನ್ನು ಯಾರೂ ಕೇಳುವುದಿಲ್ಲ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಮನೆಗೆ ತಂದೆ.

ಮೊದಲ ಕೆಲಸ ಬೋಟನ್ನು ಕೂರಿಸುವುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟ್ರಾನ್ಸಮ್ ಬಿಚ್ಚಿದ ಮೇಲೆ ಹಿಂಭಾಗಕ್ಕೆ ಆಧಾರವೇ ಇರಲ್ಲ. ಆಗ ಬೋಟ್ ಒಂದು ಕಡೆ ತಿರುಚಿಕೊಂಡರೆ, ಹೊಸ ಹಲಗೆ ಅದೇ ಸೊಟ್ಟ ಆಕಾರದಲ್ಲಿ ಅಂಟಿಕೊಳ್ಳುತ್ತದೆ. ಆಮೇಲೆ ಯಾವತ್ತೂ ನೆಟ್ಟಗಾಗಲ್ಲ. ನಮ್ಮಲ್ಲಿ ಭತ್ತದ ಹೊಟ್ಟಿಗೆ ಬರವಿಲ್ಲ ಅಲ್ವಾ? ಗೋಣಿ ಚೀಲಗಳಿಗೆ ಹೊಟ್ಟು ತುಂಬಿ ಬೋಟಿನ ಅಡಿಗೆ ಒತ್ತಾಗಿ ಜೋಡಿಸಿದೆ. ತಳದ ಆಕಾರಕ್ಕೆ ಚೀಲ ತಾನೇ ಹೊಂದಿಕೊಳ್ಳುತ್ತದೆ, ಒಂದೇ ಕಡೆ ಭಾರ ಬೀಳಲ್ಲ. ಗೌಂಡಿಗಳು ಬಳಸುವ ಲೆವೆಲ್ ಪೈಪ್ ಹಿಡಿದು ನಾಲ್ಕೂ ಮೂಲೆ ಸಮ ಮಾಡಿಕೊಂಡೆ.

ಟ್ರಾನ್ಸಮ್ಮಿನ ಒಳಗಿನ ಫೈಬರ್ ಪದರವನ್ನು ಗ್ರೈಂಡರಿಗೆ ಕಟಿಂಗ್ ವೀಲ್ ಹಾಕಿ ಕೊಯ್ದೆ. ಸುತ್ತಲೂ ಎರಡು ಇಂಚು ಅಂಚು ಬಿಟ್ಟೆ. ಹೊಸ ಪದರ ಹಿಡಿಯಲು ಆ ಅಂಚು ಬೇಕು. ಹೊರಗಿನ ಪದರ ಮುಟ್ಟಲೇ ಇಲ್ಲ. ಬೋಟಿನ ಆಕಾರ ಇರುವುದೇ ಅದರಲ್ಲಿ. ಪದರ ಕಿತ್ತಾಗ ಒಳಗಿನ ಪ್ಲೈವುಡ್ ಕಪ್ಪಗೆ, ಒದ್ದೆಯಾಗಿ, ಪದರ ಪದರವಾಗಿ ಕೈಗೇ ಬಂತು. ಹುಳಿ ವಾಸನೆ ಬೇರೆ. ಒಂದು ಹಿಡಿ ತೆಗೆದುಕೊಂಡು ಹಿಂಡಿದರೆ ಬೆರಳ ಸಂದಿಯಿಂದ ಕಂದು ನೀರು ಇಳಿಯಿತು. ಆದರೆ ಎರಡೂ ಮೂಲೆಯಲ್ಲಿ ಗಟ್ಟಿ ಪ್ಲೈ ಉಳಿದಿತ್ತು. ಅದನ್ನು ಉಳಿ, ಸುತ್ತಿಗೆಯಿಂದ ಎಬ್ಬಿಸುವಷ್ಟರಲ್ಲಿ ಸೊಂಟ ಬಿತ್ತು.

ನೀರು ಎಲ್ಲಿಂದ ಹೋಗಿತ್ತು ಗೊತ್ತಾ? ಎಂಜಿನ್ ಬೋಲ್ಟಿನ ತೂತುಗಳಿಂದ. ತೂತು ಕೊರೆದು ಬೋಲ್ಟ್ ಹಾಕಿದ್ದಾರೆ, ಒಳಗೆ ಬರೀ ಮರ. ಎಂಜಿನ್ ಅದುರಿದಂತೆ ಬೋಲ್ಟ್ ಸಡಿಲವಾಗುತ್ತದೆ, ನೀರು ಇಳಿಯುತ್ತದೆ. ಬಹುತೇಕ ಹಳೇ ಬೋಟ್‌ಗಳ ಕಥೆ ಇದೇ.

ಇಲ್ಲಿ ನಮ್ಮ ಬಿಸಿಲು ಉಪಕಾರಕ್ಕೆ ಬಂತು. ಫೆಬ್ರವರಿ, ಮಾರ್ಚ್‌ನಲ್ಲಿ ಹಗಲೆಲ್ಲಾ ತಾಡಪಾಲು ತೆಗೆದು ಒಣಗಲು ಬಿಟ್ಟೆ. ಕರಾವಳಿಯವರು ಇದಕ್ಕೆ ಹೀಟರ್, ಫ್ಯಾನ್ ಅಂತ ಒದ್ದಾಡುತ್ತಾರೆ. ನಮಗೆ ಪುಕ್ಕಟೆ. ಒಣಗಿದೆಯೋ ಇಲ್ಲವೋ ಅಂತ ನೋಡಲು, ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಫೈಬರ್ ಮೇಲೆ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಗೆ ಬೆವರು ಕಂಡರೆ ಇನ್ನೂ ತೇವ ಇದೆ. ಕಾಣದಿದ್ದರೆ ಮುಂದುವರಿಯಬಹುದು.

ಆದರೆ ರೆಸಿನ್, ಅಂದರೆ ಗಾಜಿನೆಳೆಗಳನ್ನು ಹಿಡಿದು ಗಟ್ಟಿಯಾಗುವ ಅಂಟಿನ ಕೆಲಸಕ್ಕೆ ಅದೇ ಬಿಸಿಲು ಶತ್ರು. ಇದನ್ನು ಕಲಿಸಿದ್ದು ಬಳ್ಳಾರಿಯಲ್ಲಿ ಬಸ್ ಬಾಡಿ ಶೆಡ್ ಒಂದರಲ್ಲಿ ಫೈಬರ್ ಬಂಪರ್ ಮಾಡುವ ಚಾಚಾ. ನಾನು ಅವರ ಹತ್ತಿರ ಹೋಗಿ ಕೂತು ಕೆಲಸ ನೋಡಿದೆ. "ಹತ್ತು ಗಂಟಿ ಆದ್ಮ್ಯಾಲೆ ಹಾರ್ಡನರ್ ಬಾಟ್ಲಿ ಮುಟ್ಟಬ್ಯಾಡಪ್ಪ" ಅಂದರು. ಹಾರ್ಡನರ್ ಅಂದರೆ ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ. ಡಬ್ಬದ ಮೇಲೆ ಬರೆದಿರುವ ಸಮಯ ಸಾಮಾನ್ಯವಾಗಿ 25 ಡಿಗ್ರಿ ತಾಪಕ್ಕೆ. ತಾಪ 10 ಡಿಗ್ರಿ ಏರಿದರೆ ಗಟ್ಟಿಯಾಗುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ 40 ದಾಟುತ್ತದೆ. ಬ್ರಷ್ ಎತ್ತುವಷ್ಟರಲ್ಲಿ ಮಗ್ಗಿನಲ್ಲಿ ರೆಸಿನ್ ಜೆಲ್ಲಿ ಆಗಿರುತ್ತದೆ. ಹಾಗಾಗಿ ಕತ್ತಲು ಹರಿಯುವಾಗ ಶುರು ಮಾಡಿ, ಒಂಬತ್ತಕ್ಕೆ ಮುಗಿಸಿ ಮಿಲ್‌ಗೆ ಹೋಗುತ್ತಿದ್ದೆ.

ಪಾಲಿಯೆಸ್ಟರ್ ರೆಸಿನ್ನಿಗೆ ಹಾರ್ಡನರ್ ನೂರಕ್ಕೆ 1ರಿಂದ 2 ಭಾಗ ಹಾಕುತ್ತಾರೆ. ನಾನು 1ರ ಹತ್ತಿರವೇ ಇಟ್ಟುಕೊಂಡೆ. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದು, ಒಂದು ಸಲಕ್ಕೆ ಕಾಲು ಕೆಜಿಗಿಂತ ಜಾಸ್ತಿ ಕಲಸಲಿಲ್ಲ. ಕಲಸಿದ್ದನ್ನು ಮಗ್ಗಿನಲ್ಲಿ ಇಟ್ಟುಕೊಳ್ಳಬೇಡಿ, ಅಗಲ ತಟ್ಟೆಗೆ ಸುರಿಯಿರಿ. ಮಗ್ಗಿನಲ್ಲಿ ಶಾಖ ಹೊರಗೆ ಹೋಗಲ್ಲ, ತಳದಿಂದ ಹೊಗೆ ಏಳುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅಂಗಡಿಯಲ್ಲಿ ರೆಸಿನ್ ಜೊತೆ, ಅದು ಬೇಗ ಗಟ್ಟಿಯಾಗಲಿ ಅಂತ, ಕೋಬಾಲ್ಟ್ ಅನ್ನುವ ನೇರಳೆ ಬಣ್ಣದ ದ್ರವ ಕೊಡುತ್ತಾರೆ. ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು. ಬೆಂಕಿ ಹೊತ್ತುತ್ತದೆ, ಸಿಡಿಯಲೂಬಹುದು. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಕೇಳಿ ತೆಗೆದುಕೊಂಡರೆ ಮನೆಯಲ್ಲಿ ಆ ಬಾಟಲಿಯೇ ಇರಲ್ಲ. ಹಾರ್ಡನರ್ ಕಣ್ಣಿಗೆ ಒಂದು ಹನಿ ಬಿದ್ದರೂ ಕಣ್ಣು ಹೋಗಬಹುದು. ಕನ್ನಡಕ ಹಾಕಿಕೊಳ್ಳದೆ ಬಾಟಲಿ ತೆರೆಯಬೇಡಿ. ಪಕ್ಕದಲ್ಲೇ ಒಂದು ಬಕೆಟ್ ನೀರು ಇರಲಿ.

ಫ್ರಿಜ್ಜಿನ ರಟ್ಟಿನ ಡಬ್ಬ ಕತ್ತರಿಸಿ ಟ್ರಾನ್ಸಮ್ಮಿನ ಅಳತೆ ತೆಗೆದೆ. ಪ್ಲೈ ಕೊಳ್ಳುವಾಗ ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡಿ. ಅದೇ ಮರೈನ್ ಪ್ಲೈ. ಐಎಸ್ 303 ಮನೆಯ ಕಪಾಟಿಗೆ. 19 ಎಂಎಂನ ಎರಡು ಹಲಗೆ ಅಂಟಿಸಿ 38 ಎಂಎಂ ಮಾಡಿದೆ. ಅಂಚುಗಳಿಗೆ ರೆಸಿನ್ ಕುಡಿಸುವುದು ಮುಖ್ಯ. ಪ್ಲೈ ನೀರು ಹೀರುವುದೇ ಅಂಚಿನಿಂದ. ಹಚ್ಚಿ, ಹೀರಿಕೊಳ್ಳಲು ಬಿಟ್ಟು, ಮತ್ತೆ ಹಚ್ಚಬೇಕು. ಆಮೇಲೆ ಹೊರಪದರದ ಒಳಮೈಯನ್ನು ತರಿ ಮಾಡಿ, ರೆಸಿನ್‌ನಲ್ಲಿ ನೆನೆಸಿದ ಮ್ಯಾಟ್ (ಗಾಜಿನೆಳೆಯ ಹಾಸು) ಹಾಸಿ, ಅದರ ಮೇಲೆ ದಪ್ಪ ರೆಸಿನ್ ಪೇಸ್ಟ್ ಬಳಿದು ಹಲಗೆ ಕೂರಿಸಿ ಕ್ಲ್ಯಾಂಪ್ ಬಿಗಿದೆ. ನಾಲ್ಕೂ ಕಡೆಯಿಂದ ಪೇಸ್ಟ್ ಹೊರಗೆ ಉಕ್ಕಿ ಬಂದರೆ ಒಳಗೆ ಪೊಳ್ಳಿಲ್ಲ ಅಂತ ಅರ್ಥ.

ಒಳಗಿನಿಂದ 450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ ತೂಗುವ) ಮ್ಯಾಟ್ ಪದರ ಪದರವಾಗಿ, ಪ್ರತಿ ಪದರ ಹಿಂದಿನದಕ್ಕಿಂತ ಎರಡು ಬೆರಳು ಅಗಲವಾಗಿ ಹಾಕುತ್ತಾ ಹೋದೆ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು. ಬಿಳಿ ಮ್ಯಾಟ್ ರೆಸಿನ್ ಕುಡಿದು ಗಾಜಿನಂತಾಗುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಅದು ಗಾಳಿ. ಗೆರೆ ಗೆರೆಯ ಸ್ಟೀಲ್ ರೋಲರ್ ಆಡಿಸಿ ಅದನ್ನು ಅಂಚಿನವರೆಗೆ ಓಡಿಸಬೇಕು. ರೆಸಿನ್ ಸುರಿದರೆ ಗಾಳಿ ಹೋಗಲ್ಲ, ತೇಲುತ್ತದೆ ಅಷ್ಟೆ.

ಬೋಲ್ಟ್ ತೂತುಗಳಿಗೆ ನನ್ನ ಲೆಕ್ಕ ಹೀಗೆ. 12 ಎಂಎಂ ಬೋಲ್ಟಿಗೆ 20 ಎಂಎಂ ತೂತು ಕೊರೆದೆ. ಅದನ್ನು ಪೂರ್ತಿ ದಪ್ಪ ಎಪಾಕ್ಸಿಯಿಂದ (ಇದು ಇನ್ನೊಂದು ಬಗೆಯ ರೆಸಿನ್) ತುಂಬಿ, ಗಟ್ಟಿಯಾದ ಮೇಲೆ ನಡುವೆ 12ರ ತೂತು ಹಾಕಿದೆ. ಈಗ ಬೋಲ್ಟ್ ಸುತ್ತ ಎಪಾಕ್ಸಿಯ ಬುಶ್, ಅಂದರೆ ಗಟ್ಟಿ ಕೊಳವೆ ಇದೆ. ಸೀಲ್ ಸೋರಿದರೂ ನೀರು ಮರದವರೆಗೆ ಹೋಗಲ್ಲ. ಫಿಟ್ಟರ್ ಬುದ್ಧಿ ಅನ್ನಿ ಬೇಕಾದರೆ.

ತಳದಲ್ಲಿ ಬಂಡೆ ಬಡಿದ ಬಿರುಕು ಒಂದಿತ್ತು. ಹಿನ್ನೀರು ಇಳಿದಾಗ ನೀರಿನ ಕೆಳಗೆ ಕಲ್ಲು ಎಲ್ಲಿದೆ ಅಂತ ಹೇಳಲಾಗದು. ಅದಕ್ಕೆ ಪಾಲಿಯೆಸ್ಟರ್ ಬಿಟ್ಟು ಎಪಾಕ್ಸಿ ಹಾಕಿದೆ. ಹಳೇ ಫೈಬರನ್ನು ಅದು ಹೆಚ್ಚು ಗಟ್ಟಿಯಾಗಿ ಕಚ್ಚುತ್ತದೆ. ಬಿರುಕಿನ ಸುತ್ತ ಇಳಿಜಾರಾಗಿ ಉಜ್ಜಬೇಕು, ದಪ್ಪದ 12 ಪಟ್ಟು ಅಗಲ. ಫೈಬರ್ 5 ಎಂಎಂ ಇದ್ದರೆ ಪ್ರತಿ ಕಡೆ 60 ಎಂಎಂ. ನೋಡಿದವರು "ಇದ್ದ ತೂತನ್ನ ದೊಡ್ಡದು ಮಾಡಾಕತ್ತೀಯಲ್ಲೋ" ಅಂತ ನಕ್ಕರು. ನಗಲಿ. ಇಳಿಜಾರು ಇಲ್ಲದ ತೇಪೆ ಮುಂದಿನ ಕಲ್ಲಿಗೇ ಎದ್ದು ಬರುತ್ತದೆ.

ಎಪಾಕ್ಸಿಗೆ ನೇಯ್ದ ಬಟ್ಟೆ ಬಳಸಿ, ಮಾಮೂಲಿ ಮ್ಯಾಟ್ ಬೇಡ. ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗಲ್ಲ. ಇನ್ನೊಂದು, ಎಪಾಕ್ಸಿಯಲ್ಲಿ ಹಾರ್ಡನರ್ ಹೆಚ್ಚುಕಮ್ಮಿ ಮಾಡುವ ಹಾಗಿಲ್ಲ. ಡಬ್ಬದ ಮೇಲಿನ ಅಳತೆಯೇ ಅಳತೆ.

ಉಜ್ಜುವ ಧೂಳಿನ ಬಗ್ಗೆ ಎಷ್ಟು ಹೇಳಿದರೂ ಕಮ್ಮಿ. ಗಾಜಿನ ಪುಡಿ ಮೈಗೆ ಹತ್ತಿದರೆ ರಾತ್ರಿಯಿಡೀ ತುರಿಕೆ. ಒಳ್ಳೇ ಮಾಸ್ಕ್, ಉದ್ದ ತೋಳಿನ ಅಂಗಿ, ಕೆಲಸ ಮುಗಿದ ಮೇಲೆ ಮೊದಲು ತಣ್ಣೀರು. ಬಿಸಿನೀರು ಬೇಡ ಅನ್ನುತ್ತಾರೆ ಚಾಚಾ. ಬಟ್ಟೆ ಬೇರೆ ಒಗೆಯಬೇಕು. ಇದನ್ನು ನಮ್ಮ ಮನೆಯವರು ನನಗೆ ಸ್ಪಷ್ಟವಾಗಿ ತಿಳಿಸಿಕೊಟ್ಟರು.

ನೆಲದ ಹಲಗೆ ಕೆಳಗಿನ ಹಳೇ ಫೋಮ್ ನೀರು ಕುಡಿದು ಕಲ್ಲಿನಷ್ಟು ಭಾರವಾಗಿತ್ತು. ಎಲ್ಲಾ ತೆಗೆದೆ. ಬದಲಿಗೆ ಥರ್ಮೋಕೋಲ್ ತುಂಬಿದರಾಯ್ತು ಅಂತ ಹಲವರು ಹೇಳಿದರು. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮೋಕೋಲ್ ಕರಗಿಹೋಗುತ್ತದೆ. ಅನುಮಾನ ಇದ್ದರೆ ಒಂದು ತುಂಡಿನ ಮೇಲೆ ನಾಲ್ಕು ಹನಿ ಬಿಟ್ಟು ನೋಡಿ. ಕೋಲ್ಡ್ ಸ್ಟೋರೇಜ್ ಪ್ಯಾನೆಲ್‌ನಲ್ಲಿ ಇರುತ್ತದಲ್ಲ, ಆ ಪಿಯು (ಪಾಲಿಯುರೇಥೇನ್) ಫೋಮ್ ಹಾಳೆ ತಂದು ಹಾಕಿದೆ. ಬೋಟ್ ಮಗುಚಿದರೂ ಮುಳುಗದಂತೆ ಹಿಡಿಯುವುದು ಇದೇ ಫೋಮ್, ಇದರಲ್ಲಿ ಉಳಿತಾಯ ಬೇಡ.

ಎಂಜಿನ್ ಬಗ್ಗೆ ಜಾಸ್ತಿ ಹೇಳಲ್ಲ. ಟೂ ಸ್ಟ್ರೋಕ್ ಬಲ್ಲವರಿಗೆ ಅದು ದೊಡ್ಡ ವಿಷಯವಲ್ಲ. ಕಾರ್ಬುರೇಟರ್ ತೊಳೆದು, ಪೆಟ್ರೋಲ್ ಪೈಪು ಎಲ್ಲಾ ಹೊಸದು ಹಾಕಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಬಾಳಲ್ಲ. ಕೆಳಗಿನ ಗೇರ್ ಬಾಕ್ಸಿನ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಹೋಗಿದೆ, ನೀರು ಸೇರಿದೆ. ನೀರು ಎತ್ತುವ ರಬ್ಬರ್ ಇಂಪೆಲ್ಲರ್ ಮಾತ್ರ ನೋಡದೇ ಬದಲಿಸಿ. 200 ಲೀಟರ್ ಡ್ರಮ್ಮಿನಲ್ಲಿ ಇಳಿಸಿ ಓಡಿಸಿದಾಗ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮಿತು. ಅಂದರೆ ತಂಪಾಗುತ್ತಿದೆ.

ಬಣ್ಣ ಗಂಗಾವತಿಯ ಕಾರ್ ಪೇಂಟರ್ ಹೊಡೆದರು, ಪಿಯು ಪೇಂಟ್, ಬಿಳಿ. ಮಗನಿಗೆ ಕಡುನೀಲಿ ಬೇಕಿತ್ತು. ನಮ್ಮ ಬಿಸಿಲಿಗೆ ಗಾಢ ಬಣ್ಣ ಕಾದು, ಒಳಗಿನ ಮ್ಯಾಟಿನ ಎಳೆಗಳ ಗುರುತು ಮೇಲೆ ಮೂಡುತ್ತದೆ. ನೀಲಿ ಒಂದು ಪಟ್ಟಿಗೆ ರಾಜಿಯಾದೆವು. ಬಣ್ಣಕ್ಕೆ ಮೊದಲೇ ಕಾಗದಪತ್ರ ವಿಚಾರಿಸಿ. ಇನ್‌ಲ್ಯಾಂಡ್ ವೆಸಲ್ಸ್ ಆಕ್ಟ್ 2021ರ ಪ್ರಕಾರ ಎಂಜಿನ್ ಇರುವ ಬೋಟಿಗೆ ನೋಂದಣಿ ಬೇಕು. ಜಲಾಶಯಕ್ಕೆ ಇಳಿಸಲು ಅನುಮತಿ ಬೇರೆ. ಡ್ಯಾಮ್ ಕೆಳಗಿನ ಹೊಳೆಗೆ ಎಂಜಿನ್ ಬೋಟ್ ಒಯ್ಯುವ ಆಸೆ ಇಟ್ಟುಕೊಳ್ಳಬೇಡಿ. ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಬ್ರಷ್, ರೋಲರ್ ತೊಳೆದ ಅಸಿಟೋನನ್ನು ಕಾಲುವೆಗೆ ಚೆಲ್ಲುವುದೂ ಬೇಡ.

ಬೋಟ್ ಒಣಗಿಸಿ ರಿಪೇರಿ ಮಾಡುವ ಕಾಲದಲ್ಲಿ ನಮ್ಮಲ್ಲಿ ನೀರಿರಲ್ಲ. ಬೇಸಿಗೆಯಲ್ಲಿ ಬೋಟ್ ರೆಡಿ, ಹಿನ್ನೀರು ಮಾತ್ರ ಕಣ್ಣಿಗೆ ಕಾಣದಷ್ಟು ದೂರ. 2024ರ ಆಗಸ್ಟ್‌ನಲ್ಲಿ ಡ್ಯಾಮ್ ತುಂಬಿತು, ಇನ್ನೇನು ಇಳಿಸಬೇಕು ಅನ್ನುವಾಗ 10ರ ರಾತ್ರಿ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ನೀರು ಹೊಳೆಗೆ ಓಡುತ್ತಿದ್ದಾಗ ಬೋಟ್ ಮಾತು ಯಾರೆತ್ತುತ್ತಾರೆ? ರೈತರ ಎರಡನೇ ಬೆಳೆ ಏನಾಗುತ್ತದೋ ಅಂತ ಮಿಲ್‌ಗಳಲ್ಲೂ ಅದೇ ಚಿಂತೆ. ಡ್ಯಾಮ್ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ಉಕ್ಕಿನ ತಡೆಗಳನ್ನು ಇಳಿಸಿದ್ದನ್ನು ನಾವು ಫಿಟ್ಟರ್‌ಗಳು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿದೆವು. ಮಳೆ ಕೈ ಹಿಡಿಯಿತು, ಡ್ಯಾಮ್ ಮತ್ತೆ ತುಂಬಿತು. ಆಯುಧ ಪೂಜೆಗೆ ಬೋಟಿಗೂ ಕುಂಬಳಕಾಯಿ ಒಡೆದು, ದಸರಾ ಮುಗಿದ ಮೇಲೆ ಇಳಿಸಿದೆವು.

ಇಳಿಸುವ ಮೊದಲು ಮನೆಯಲ್ಲೇ ಬೋಟಿನೊಳಗೆ ನಾಲ್ಕು ಇಂಚು ನೀರು ತುಂಬಿ, ಹೊರಗೆ ಎಲ್ಲಿ ಹನಿಯುತ್ತದೆ ಅಂತ ನೋಡಿದ್ದೆ. ಎಲ್ಲೂ ಇರಲಿಲ್ಲ. ಆದರೂ ಹಿನ್ನೀರಿನಲ್ಲಿ ಓಡಿಸಿದಾಗ ಮುಂಭಾಗದಲ್ಲಿ ಸ್ವಲ್ಪ ನೀರು ಸೇರುತ್ತಿತ್ತು. ಮಾವ ಮಂಡಿಯೂರಿ ಕೈ ಆಡಿಸಿ ಹುಡುಕಿದರು. ಹಗ್ಗ ಕಟ್ಟುವ ಮುಂದಿನ ಕೊಂಡಿಯ ಬೋಲ್ಟ್. ಅದು ಎತ್ತರದಲ್ಲಿದೆ, ನಾಲ್ಕಿಂಚು ನೀರು ಅಲ್ಲಿಗೆ ಮುಟ್ಟಿರಲಿಲ್ಲ. ಅಲೆ ಬಡಿದಾಗ ಮಾತ್ರ ಸೋರುತ್ತಿತ್ತು. ಬಿಚ್ಚಿ, ಹಳೇ ಸಿಲಿಕೋನ್ ಕೆರೆದು, ಪಿಯು ಸೀಲಂಟ್ ಹಾಕಿ ಬಿಗಿದೆ. ಅಲ್ಲಿಗೂ ಎಪಾಕ್ಸಿ ಬುಶ್ ಮಾಡಬೇಕು, ಮುಂದಿನ ಬೇಸಿಗೆಗೆ. ಆಗ ಮುಂದಿನ ಬೆಂಚಿನ ಕೆಳಗೂ ಸ್ಕ್ರೂಡ್ರೈವರ್ ಆಡಿಸಿ ನೋಡುವುದಿದೆ. ಎಡಗಡೆ ಒಂದು ಜಾಗದ ಸದ್ದು ನನಗೆ ಅಷ್ಟು ಸರಿ ಬರುತ್ತಿಲ್ಲ.