ಹಿಮಕ್ಕೆ ಸುಳಿ ಕೊಳೆತ ಕುಂಡದ ಪಾಮ್ ಬದುಕಿದ್ದು: ನನ್ನ ಅನುಭವ

2021ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನಲ್ಲಿದ್ದವರಿಗೆ ಆ ಕಡುಚಳಿಯ ವಾರವನ್ನು ನೆನಪಿಸಬೇಕಾಗಿಲ್ಲ. ನಮ್ಮ ಆಸ್ಟಿನ್‌ನಲ್ಲಿ ಉಷ್ಣಾಂಶ ಮೈನಸ್ 13-14 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. 15ರ ನಸುಕಿನಲ್ಲಿ ಹೋದ ಕರೆಂಟು ಮರಳಿ ಬಂದದ್ದು ಮೂರು ದಿನ ಕಳೆದ ಮೇಲೆ. ಕುಂಡಗಳನ್ನೆಲ್ಲ ಮೊದಲೇ ಗ್ಯಾರೇಜಿಗೆ ಎಳೆದು ತಂದು ಸಣ್ಣದೊಂದು ಹೀಟರ್ ಇಟ್ಟಿದ್ದೆ. ಕರೆಂಟೇ ಇಲ್ಲದ ಮೇಲೆ ಹೀಟರ್ ಏನು ಮಾಡೀತು? ಎರಡನೆಯ ರಾತ್ರಿ ಗ್ಯಾರೇಜಿನ ಬಕೆಟ್ಟಿನಲ್ಲಿದ್ದ ನೀರು ಹೆಪ್ಪುಗಟ್ಟಿತು. ಥರ್ಮಾಮೀಟರ್ ಮೈನಸ್ 4 ಅಥವಾ 5 ತೋರಿಸಿದ ನೆನಪು.

ನನ್ನ ಪಾಮ್ ಫೀನಿಕ್ಸ್ ರೋಬೆಲೆನೀ ಎಂಬ ಜಾತಿಯದು. ಖರ್ಜೂರದ ಕುಲದ ಕುಳ್ಳ ಗಿಡ, ಬೆಂಗಳೂರಿನಲ್ಲೂ ಎಷ್ಟೋ ಮನೆಗಳ ಗೇಟಿನ ಪಕ್ಕದಲ್ಲಿ ಕಾಣುತ್ತದೆ. ಹುಟ್ಟೂರು ಲಾವೋಸ್, ವಿಯೆಟ್ನಾಂ ಕಡೆ. ಹಾಗಾಗಿ ಮೈನಸ್ 3ಕ್ಕೇ ಗರಿಗಳು ಸುಡುತ್ತವೆ. ನರ್ಸರಿಯವರು ಒಂದೇ ಕುಂಡದಲ್ಲಿ ಮೂರು ಗಿಡ ಸೇರಿಸಿ ಮಾರುವುದು ವಾಡಿಕೆ. ನಾನು 2016ರಲ್ಲಿ ತೊಂಬತ್ತು ಡಾಲರ್ ಕೊಟ್ಟು ತಂದಿದ್ದೆ. ಐದು ವರ್ಷದಲ್ಲಿ ದೊಡ್ಡದು ನನ್ನ ಎದೆಮಟ್ಟ, ನಡುವಿನದು ಸೊಂಟದೆತ್ತರ, ಸಣ್ಣದು ಮೊಣಕಾಲಿನಷ್ಟು ಬೆಳೆದಿದ್ದವು. ಮೂರು ಕಾಂಡ ಇದ್ದದ್ದರಿಂದಲೇ ಮೂರು ಬಗೆಯ ಚಿಕಿತ್ಸೆ ನೋಡಲು ಸಾಧ್ಯವಾಯಿತು.

ಮೊದಲ ಹತ್ತು ದಿನ ಗಿಡ ಹಸಿರಾಗಿಯೇ ಇತ್ತು. ಆಮೇಲೆ ಗರಿಗಳು ಬೇಯಿಸಿದ ಸೊಪ್ಪಿನ ಬಣ್ಣಕ್ಕೆ ತಿರುಗಿ ಒಣಹುಲ್ಲಾದವು. ಮಾರ್ಚ್ ಮೊದಲ ವಾರದಲ್ಲಿ ಸುಳಿ (ನಡುವಿನ ಇನ್ನೂ ಬಿಚ್ಚದ ಎಳೆ ಗರಿ) ಹಿಡಿದು ಮೆಲ್ಲಗೆ ಎಳೆದರೆ ಮೂರೂ ಕೈಗೇ ಬಂದವು. ಬುಡದಲ್ಲಿ ಕಂದು ಲೋಳೆ, ಹಳಸಿದ ಅಂಬಲಿಯ ವಾಸನೆ. ನರ್ಸರಿಯವನಿಗೆ ಫೋಟೋ ತೋರಿಸಿದೆ. "ಇದು ಹೋಯಿತು, ಹೊಸದು ಒಯ್ಯಿರಿ" ಎಂದ. ಆ ವಸಂತದಲ್ಲಿ ಅದೇ ಅಳತೆಯ ಕುಂಡಕ್ಕೆ 180 ಡಾಲರ್ ಹೇಳುತ್ತಿದ್ದರು. ಪಕ್ಕದ ಬೀದಿಯ ಮಂಡ್ಯದ ಗೆಳೆಯರು ತಮ್ಮ ಗಿಡವನ್ನು ಆಗಲೇ ಕಸದ ಗಾಡಿಗೆ ಹಾಕಿದ್ದರು. ನನ್ನ ಹೆಂಡತಿಯೂ "ನಾರುತ್ತಿದೆ, ಬಿಸಾಡಿಬಿಡಿ" ಎಂದಳು.

ಪಾಮ್ ಉಳಿಸುವ ಟಾನಿಕ್ ಎಂದು ಮಾರುವ ಒಂದು ಬಾಟಲಿಗೆ 32 ಡಾಲರ್ ಸುರಿದೆ. ಅದರಿಂದ ಏನೂ ಆಗಲಿಲ್ಲ. ಎಲ್ಲರೂ ಹೇಳುವಂತೆ ನಡುವಿನ ಗಿಡದ ಸುಳಿಗೆ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ. ಬುಸ್ಸೆಂದು ನೊರೆ ಬಂದಾಗ ಮನಸ್ಸಿಗೆ ಸಮಾಧಾನವಾಗುತ್ತದೆ, ನಿಜ. ನಾಲ್ಕು ದಿನಕ್ಕೊಮ್ಮೆ, ಐದು ಸಲ ಹಾಕಿದೆ. ವಾಸನೆ ಕಡಿಮೆಯಾಗುವುದು, ಮತ್ತೆ ಮರಳುವುದು. ಮೇಲಿನ ಲೋಳೆ ಹೋಗುತ್ತಿತ್ತು, ಒಳಗಿನ ಕೊಳೆ ಇಳಿಯುತ್ತಲೇ ಇತ್ತು. ದೊಡ್ಡದನ್ನು "ಜೂನ್‌ವರೆಗೆ ಮುಟ್ಟಬೇಡಿ" ಎಂಬ ಸಲಹೆಯಂತೆ ಹಾಗೆಯೇ ಬಿಟ್ಟೆ.

ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಹೇಳಿದೆ. ನಮ್ಮದು ಸಾಗರದ ಕಡೆ ಅಡಿಕೆ ತೋಟ, ನಡುನಡುವೆ ತೆಂಗು. ಅಪ್ಪಯ್ಯ ಕೇಳಿದ್ದು ಒಂದೇ ಮಾತು: "ಮಾಣಿ, ತೆಂಗಿಗೆ ಸುಳಿ ಕೊಳೆ ಬಂದರೆ ನಾವು ಏನು ಮಾಡುತ್ತಿದ್ದೆವು?"

ಕೊಳೆತದ್ದನ್ನು ಕೊಯ್ದು ತೆಗೆಯುವುದು, ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ಮುಲಾಮು ಮೆತ್ತುವುದು, ಮಳೆನೀರು ಬೀಳದಂತೆ ಮಡಕೆ ಕವುಚುವುದು. ಚಿಕ್ಕಂದಿನಲ್ಲಿ ತೆಂಗಿನ ಮರದ ತಲೆಯ ಮೇಲೆ ಆ ಮಡಕೆಯನ್ನು ಎಷ್ಟೋ ಸಲ ನೋಡಿದ್ದೆ. ನಮ್ಮಲ್ಲಿ ಕೊಳೆಗೆ ಕಾರಣ ಮಳೆಗಾಲ, ಇಲ್ಲಿ ಹಿಮ. ಆದರೆ ಸತ್ತ ಭಾಗಕ್ಕೆ ಕೊಳೆ ಹತ್ತಿ ಕೆಳಗಿಳಿಯುವ ದಾರಿ ಒಂದೇ. ಚಳಿಗೆ ಬೋರ್ಡೋ ಮದ್ದಲ್ಲ ಎಂದು ಇಲ್ಲಿನ ಗೆಳೆಯರು ವಾದಿಸಿದರು. ಚಳಿ ಮುಗಿದು ಒಂದೂವರೆ ತಿಂಗಳಾಗಿತ್ತು, ನನಗೆ ಬೇಕಿದ್ದದ್ದು ಕೊಳೆಗೆ ಮದ್ದು.

ಮೈಲುತುತ್ತ (ತಾಮ್ರದ ಸಲ್ಫೇಟ್) ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಚರಂಡಿ ಕೊಳವೆಗೆ ನುಗ್ಗುವ ಬೇರು ಕೊಲ್ಲಲು. ಎರಡು ಪೌಂಡಿನ ಡಬ್ಬಿಗೆ ಆಗ 20 ಡಾಲರ್ ಆಸುಪಾಸು. ಸುಣ್ಣದಲ್ಲಿ ಎಡವಿದೆ. ಹೂದೋಟಕ್ಕೆಂದು ಮಾರುವ ಸುಣ್ಣ ತಂದು ಕಲಸಿದರೆ ಸಣ್ಣ ಸಣ್ಣ ಗುಳ್ಳೆ ಬಂದವೇ ಹೊರತು ಹದ ಕೂಡಲಿಲ್ಲ. ಚಾಕು ಅದ್ದಿದೆ, ಅಲಗು ಕೆಂಪಾಯಿತು: ತುತ್ತದ ತಾಮ್ರ ಸುಣ್ಣದೊಡನೆ ಕೂಡದೆ ಉಳಿದದ್ದರ ಗುರುತು. ಅದು ಸುಣ್ಣಕಲ್ಲಿನ ಪುಡಿ, ಸುಟ್ಟ ಸುಣ್ಣವಲ್ಲ. ಬೇಕಾದದ್ದು ಸಿಕ್ಕಿದ್ದು ದಿನಸಿ ಅಂಗಡಿಯಲ್ಲಿ: ಇಲ್ಲಿನವರು ಸೌತೆಕಾಯಿ ಉಪ್ಪಿನಕಾಯಿ ಗರಿಗರಿಯಾಗಲಿ ಎಂದು ಬಳಸುವ ಅರಳಿದ ಸುಣ್ಣ, ಆಗ ಪೌಂಡಿಗೆ ಆರು ಡಾಲರ್. ನೂರು ಗ್ರಾಂ ತುತ್ತ, ನೂರು ಗ್ರಾಂ ಸುಣ್ಣ, ಎರಡಕ್ಕೂ ಸೇರಿ ಒಂದು ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ತುತ್ತ ಲೋಹವನ್ನು ತಿನ್ನುತ್ತದೆ. ಆಕಾಶನೀಲಿ ಮುಲಾಮು ಕೂಡಿಬಂತು, ಈ ಸಲ ಚಾಕು ಬೆಳ್ಳಗೇ ಉಳಿಯಿತು. ಟೆಕ್ಸಾಸ್‌ನ ಬಿರುಮಳೆಗೆ ತೊಳೆದು ಹೋಗದಂತೆ ಅಂಟಿಗಾಗಿ ಒಂದು ವಸ್ತು ಸೇರಿಸಿದೆ. ಅದು ಅಡಿಕೆ ತೋಟದಲ್ಲಿ ಬೋರ್ಡೋಗೆ ಅಂಟಾಗಿ ಸೇರಿಸುವ ರಾಳವಲ್ಲ. ಏನೆಂದು ಇಲ್ಲಿ ಬರೆಯುವುದಿಲ್ಲ, ನಮ್ಮ ಮನೆಯ ಗುಟ್ಟು.

ಮೊದಲು ಸಣ್ಣ ಗಿಡ. ಗರಿಯ ಬುಡದ ಮುಳ್ಳುಗಳು ಸೂಜಿಯಂತೆ, ದಪ್ಪ ಚರ್ಮದ ಕೈಗವಸನ್ನೂ ದಾಟಿ ಚುಚ್ಚುತ್ತವೆ. ಗರಿಗಳನ್ನು ಬುಡದಲ್ಲಿ ಕತ್ತರಿಸಿ, ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ತಾಮ್ರದ ನೀರು ಬೇರಿಗೆ ಇಳಿಯಬಾರದು. ಆಮೇಲೆ ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ತಲೆಯ ಕಡೆಯಿಂದ ಅರ್ಧರ್ಧ ಇಂಚಿನ ಬಿಲ್ಲೆ ತೆಗೆಯುತ್ತಾ ಬಂದೆ. ಪ್ರತಿ ಬಿಲ್ಲೆಗೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಮೊದಲ ಎರಡು ಬಿಲ್ಲೆ ಕಪ್ಪು, ಮೂರನೆಯದು ಬೆಲ್ಲದ ಬಣ್ಣ, ನಾಲ್ಕರಲ್ಲಿ ಅಂಚು ಬಿಳಿ, ನಡುವೆ ಕಂದು ಚುಕ್ಕೆ. ಐದನೆಯದು ಪೂರಾ ಬೆಳ್ಳಗೆ, ಎಳೆ ತೆಂಗಿನ ಬೊಡ್ಡೆಯ ತಿರುಳಿನಂತೆ ನೀರು ಜಿನುಗುತ್ತಿತ್ತು, ವಾಸನೆಯೂ ಸಿಹಿ. ಅಲ್ಲಿಗೆ ಕೈ ನಿಲ್ಲಿಸಿದೆ. ಇನ್ನೊಂದೆರಡು ಇಂಚು ಇಳಿದಿದ್ದರೆ ಬೆಳೆಯುವ ಕಣ್ಣಿಗೇ ಚಾಕು ತಾಗುತ್ತಿತ್ತು. ಎಲ್ಲಿ ನಿಲ್ಲಿಸಬೇಕೆಂದು ಬಣ್ಣಕ್ಕಿಂತ ಮೂಗು ಚೆನ್ನಾಗಿ ಹೇಳುತ್ತದೆ.

ಮುಲಾಮು ಮೆತ್ತಿ ಮೊದಲು ಕಪ್ಪು ಪ್ಲಾಸ್ಟಿಕ್ ಕಟ್ಟಿದೆ. ಅದು ತಪ್ಪಾಯಿತು. ಮೂರೇ ದಿನಕ್ಕೆ ಒಳಗೆ ಬೆವರಿ ಬೂಸಲು ಬಂತು. ಕಿತ್ತೆಸೆದು, ತೆಳುವಾಗಿ ಮತ್ತೊಂದು ಬಿಲ್ಲೆ ತೆಗೆದು, ಮತ್ತೆ ಮುಲಾಮು ಹಚ್ಚಿ, ಈ ಸಲ ಅಪ್ಪಯ್ಯ ಹೇಳಿದಂತೆ ಮಣ್ಣಿನ ಕುಂಡವನ್ನೇ ಕವುಚಿದೆ. ಗಾಳಿಯಾಡಲು ಕೆಳಗೆ ಮೂರು ಐಸ್‌ಕ್ರೀಮ್ ಕಡ್ಡಿ, ತಳದ ತೂತಿಗೆ ಒಂದು ಹಂಚಿನ ಚೂರು. ಗಿಡದ ಕುಂಡವನ್ನು ದಕ್ಷಿಣದ ಗೋಡೆಗೆ ಒತ್ತಿ ಹಲಗೆಯ ಮೇಲಿಟ್ಟೆ. ಹತ್ತು ಹನ್ನೆರಡು ದಿನಕ್ಕೊಮ್ಮೆ ನೀರು. ಗೊಬ್ಬರ ಒಂದು ಚಿಟಿಕೆಯೂ ಇಲ್ಲ.

ಇದು ಏಪ್ರಿಲ್ ಮೂರನೆಯ ವಾರದ ಮಾತು. ಆರನೆಯ ದಿನ ಬೆಳಿಗ್ಗೆ ಮಡಕೆ ಎತ್ತಿ ನೋಡಿದರೆ ಒಣಗಿದ ನೀಲಿ ಮುಲಾಮಿನ ನಡುವೆ ಉಂಗುರದಂತೆ ಬಿರುಕು. ಬಿರುಕಿನ ಒಳಗಿನ ಬಿಲ್ಲೆ ಸುತ್ತಲಿನ ಮಟ್ಟಕ್ಕಿಂತ ಒಂದು ಅಕ್ಕಿಕಾಳಿನಷ್ಟು ಮೇಲೆ ಬಂದಿತ್ತು, ಬದಿಯಲ್ಲಿ ತಿಳಿ ಹಳದಿಯ ಅಂಚು. ಮಾರ್ಕರ್‌ನಿಂದ ಗೆರೆ ಎಳೆದೆ. ಮರುದಿನ ಗೆರೆ ಮತ್ತೂ ಎರಡು ಮಿಲಿಮೀಟರ್ ಏರಿತ್ತು. ಒಳಗಿನ ಕಣ್ಣು ಬದುಕಿತ್ತು! ನಾನು ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ, ಅಪ್ಪಯ್ಯನಿಗೆ ವೀಡಿಯೊ ಕಳಿಸಿದೆ.

ಈ ನಡುವೆ ಕರಿಬೇವಿನ ಕಥೆಯೂ ನಡೆದಿತ್ತು. ಇಲ್ಲಿನ ಕನ್ನಡದವರ ಮನೆಗಳಲ್ಲಿ ಆ ವರ್ಷ ಸೂತಕವೇ ಸರಿ, ಎಲ್ಲರ ಗಿಡವೂ ಒಣ ಕಡ್ಡಿ. ನನ್ನ ಎರಡು ಗಿಡಗಳ ತೊಗಟೆ ಕೆರೆದು ನೋಡಿದೆ. ಹಸಿರು ಸಿಕ್ಕಿದ್ದು ಬುಡದಲ್ಲಿ ನಾಲ್ಕು ಬೆರಳು ಮಾತ್ರ. ಅಲ್ಲಿಗೆ ಕತ್ತರಿಸಿ ಒಂದಕ್ಕೆ ಬೋರ್ಡೋ ಹಚ್ಚಿ, ಇನ್ನೊಂದಕ್ಕೆ ಏನೂ ಹಚ್ಚದೆ ಬಿಟ್ಟೆ. ಮೇ ತಿಂಗಳಲ್ಲಿ ಎರಡೂ ಬುಡದಿಂದ ಚಿಗುರಿದವು, ವ್ಯತ್ಯಾಸವೇನೂ ಕಾಣಲಿಲ್ಲ. ನನ್ನ ಈ ಪಾಮ್‌ಗೆ ಹಾಗೆ ಬದಿಯಿಂದ ಚಿಗುರುವ ಭಾಗ್ಯವಿಲ್ಲ, ಒಂದು ಕಾಂಡಕ್ಕೆ ಇರುವುದೊಂದೇ ಕಣ್ಣು. ಮದ್ದಿನ ಬೆಲೆ ಅಲ್ಲಿ ತಿಳಿಯುತ್ತದೆ.

ಸಣ್ಣದು ಚಿಗುರಿದ್ದು ಖಾತ್ರಿಯಾದ ಮೇಲೆ ಮೇ ಮೊದಲಲ್ಲಿ ನಡುವಿನದನ್ನೂ ಕೊಯ್ದೆ. ಪೆರಾಕ್ಸೈಡ್ ನೆಚ್ಚಿ ಕಳೆದ ದಿನಗಳಲ್ಲಿ ಕೊಳೆ ಆಳಕ್ಕೆ ಹೋಗಿತ್ತು. ಎಂಟು ಬಿಲ್ಲೆ ತೆಗೆದ ಮೇಲೆ ಬಿಳಿ ಕಂಡಿತು. ಉಸಿರು ಬಿಗಿಹಿಡಿದೇ ಮುಲಾಮು ಹಚ್ಚಿದೆ. ಇಪ್ಪತ್ತು ದಿನ ಏನೂ ಇಲ್ಲ, ಆಮೇಲೆ ಅದೂ ಏರಿತು. ದೊಡ್ಡದರ ಸರದಿ ಬರುವಷ್ಟರಲ್ಲಿ ಬೆರಳು ಒತ್ತಿದರೆ ಕಾಂಡವೇ ಮೆತ್ತಗಾಗಿತ್ತು. ಜೂನ್‌ವರೆಗೆ ಕಾಯಬೇಕೆಂಬ ಮಾತು ಸುಳಿ ಗಟ್ಟಿಯಾಗಿರುವ ಗಿಡಕ್ಕೆ ಸರಿ. ಸುಳಿ ಕೈಗೆ ಬಂದ ಗಿಡಕ್ಕೆ ಅದು ಮರಣಶಾಸನ. ಎದೆಮಟ್ಟದ ಆ ಗಿಡವನ್ನು ಕಳೆದುಕೊಂಡ ನೋವು ಇಂದಿಗೂ ಇದೆ.

ಮೊದಲ ಗರಿ ಬಿಚ್ಚಿದ್ದು ಜುಲೈಯಲ್ಲಿ. ತುದಿ ಕತ್ತರಿಸಿದಂತೆ ಮೊಂಡು, ಗೇಣುದ್ದ, ಎಲೆಗಳು ಮುದುಡಿದ್ದವು. ಒಳಗಿರುವಾಗಲೇ ಚಾಕು ತಾಗಿದ ಗರಿ ಹಾಗೇ ಬರುವುದು, ಹೆದರಿ ಕತ್ತರಿಸಬೇಡಿ. ನಾಲ್ಕನೆಯ ಗರಿಗೆ ಪೂರ್ತಿ ಆಕಾರ ಬಂತು. ಎರಡನೆಯ ಗರಿ ಬಿಚ್ಚಿದ ಮೇಲೆಯೇ 8-2-12ರ (ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ) ಪಾಮ್ ಗೊಬ್ಬರ ಕೊಟ್ಟೆ, ಡಬ್ಬಿಯ ಮೇಲಿನ ಅಳತೆಯ ಅರ್ಧ. ಒಟ್ಟು ಖರ್ಚು ಎಂಬತ್ತು ಡಾಲರ್ ಒಳಗೆ, ಅದರಲ್ಲಿ ಟಾನಿಕ್‌ಗೂ ತಪ್ಪು ಸುಣ್ಣಕ್ಕೂ ಹೋದದ್ದೇ ನಲವತ್ತು. ತುತ್ತ ಇನ್ನೂ ಮುಕ್ಕಾಲು ಡಬ್ಬಿ ಉಳಿದಿದೆ.

2022ರ ಡಿಸೆಂಬರಿನ ಚಳಿಗೆ, ಮರುವರ್ಷ ಜನವರಿ ಕೊನೆಯ ಹಿಮಮಳೆಗೆ ಎರಡೂ ಗಿಡ ಮನೆಯೊಳಗೆ, ಊಟದ ಮೇಜಿನ ಪಕ್ಕದಲ್ಲಿದ್ದವು. ಗ್ಯಾರೇಜನ್ನು ನಾನು ಇನ್ನು ನಂಬುವುದಿಲ್ಲ. ನಡುವಿನದರ ಕಾಂಡದಲ್ಲಿ, ಕೊಯ್ದ ಜಾಗದ ಮೇಲೆ, ಹೆಬ್ಬೆರಳು ಕೂರುವಷ್ಟು ಸಣ್ಣ ಸೊಂಟವೊಂದು ಉಳಿದಿದೆ; ಅದರ ಮೇಲೆ ಈಗ ಹದಿನೆಂಟು ಗರಿ. ಮಂಡ್ಯದ ಗೆಳೆಯರು ಕಳೆದ ತಿಂಗಳು ತಮ್ಮ ಹೊಸ ಗಿಡದ ಫೋಟೋ ಕಳಿಸಿ ಸುಣ್ಣ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅಂಗಡಿಯ ದಾರಿ ಹೇಳಿದೆ, ಅಂಟಿನ ಗುಟ್ಟು ಹೇಳಲಿಲ್ಲ.