ರಾಣಿ ಮೇರಿಯ ಅಂತ್ಯಕ್ರಿಯೆಯ ಮಾರ್ಚ್: ನಾಲ್ವರು ನುಡಿಸಿದ ಬಗೆ

ಇಂಗ್ಲೆಂಡಿನ ರಾಣಿ ಎರಡನೆಯ ಮೇರಿ 1694ರ ಡಿಸೆಂಬರಿನಲ್ಲಿ ಸಿಡುಬಿನಿಂದ ತೀರಿಕೊಂಡಳು. 1695ರ ಮಾರ್ಚ್ 5ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಅವಳ ಅಂತ್ಯಕ್ರಿಯೆಗೆ ಇಂಗ್ಲಿಷ್ ಸಂಗೀತರಚಕ ಹೆನ್ರಿ ಪರ್ಸೆಲ್ ಒದಗಿಸಿದ ಮಾರ್ಚ್ (ಮೆರವಣಿಗೆಯ ನಡಿಗೆಗೆ ಹೊಂದುವ ಸಂಗೀತ) ತೀರ ಚಿಕ್ಕದು, ಓದಲು ಸುಲಭ, ಶ್ರುತಿಬದ್ಧವಾಗಿ ನುಡಿಸಲು ಕಷ್ಟ.

ಲಂಡನ್ನಿನಲ್ಲಿ ನಾನು ಟ್ರೊಂಬೋನ್ (ಜಾರುವ ಕೊಳವೆಯಿಂದ ಸ್ವರ ಬದಲಿಸುವ ಹಿತ್ತಾಳೆಯ ಊದುವಾದ್ಯ) ನುಡಿಸುವ ಹವ್ಯಾಸಿ ತಂಡಕ್ಕೆ ಇದನ್ನು ಹೊಂದಿಸುವಾಗ ಮೊದಲು ವಾದ್ಯಗಳನ್ನು ಗೊತ್ತುಮಾಡಬೇಕಾಯಿತು. ಅಂದಿನ ಸಾದಾ ಟ್ರಂಪೆಟ್ಟಿನಲ್ಲಿ ಈ ಮಾರ್ಚಿನ ಸಿ ಮೈನರ್ ಶ್ರೇಣಿಗೆ ಬೇಕಾದ ಸ್ವರಗಳೆಲ್ಲ ಹೊರಡುತ್ತಿರಲಿಲ್ಲ. ಆದ್ದರಿಂದ ಪರ್ಸೆಲ್ ಬರೆದದ್ದು ಹಿಂದಕ್ಕೆ ಸರಿಯುವ ಸ್ಲೈಡ್ (ಜಾರುಕೊಳವೆ) ಇದ್ದ ‘ಫ್ಲ್ಯಾಟ್ ಟ್ರಂಪೆಟ್’ಗಳಿಗೆ. ಇಂದು ಎರಡು ಟ್ರಂಪೆಟ್, ಎರಡು ಟ್ರೊಂಬೋನ್ ಇಟ್ಟುಕೊಳ್ಳುವವರು ಹಲವರಿದ್ದರೂ, ಸ್ಲೈಡಿನ ಗುಣ ಉಳಿಯಲೆಂದು ನಾನು ಮೇಲಿನ ಸಾಲನ್ನು ಮಾತ್ರ ಟ್ರಂಪೆಟ್ಟಿಗೆ ಕೊಟ್ಟು, ಉಳಿದ ಮೂರನ್ನು ಆಲ್ಟೊ, ಟೆನರ್, ಬಾಸ್ ಟ್ರೊಂಬೋನ್‌ಗಳಿಗೆ ಹಂಚಿದೆ.

ಈ ಹಂಚಿಕೆಯ ಫಲ ಕಂಡದ್ದು ಶ್ರುತಿಯಲ್ಲಿ. ಸಿ ಮೈನರ್ ಕಾರ್ಡ್ (ಒಟ್ಟಿಗೆ ನುಡಿಯುವ ಸಿ, ಇ ಫ್ಲ್ಯಾಟ್, ಜಿ ಸ್ವರಗಳು) ನಡುಗದೆ ನಿಲ್ಲಬೇಕಾದರೆ ಅದರ ಇ ಫ್ಲ್ಯಾಟ್ ಪಿಯಾನೋದ ಸ್ವರಕ್ಕಿಂತ ಸುಮಾರು 16 ಸೆಂಟ್ (ಪಿಯಾನೋದ ಅಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಭಾಗವೇ ಒಂದು ಸೆಂಟ್) ಏರಬೇಕು. ಜಿ ಮೇಜರ್ ಕಾರ್ಡ್ ಬಂದಾಗ ಬಿ ಸ್ವರ ಸುಮಾರು 14 ಸೆಂಟ್ ಇಳಿಯಬೇಕು. ಬಾಲ್ಯದಲ್ಲಿ ಕರ್ನಾಟಕ ಸಂಗೀತ ಕಲಿತವನಾದ್ದರಿಂದ ಸಿ ಸ್ವರವನ್ನೇ ಷಡ್ಜವಾಗಿಟ್ಟುಕೊಂಡು, ತಂಬೂರಿಯೊಡನೆ ಕೂಡುವ ಸಾಧಾರಣ ಗಾಂಧಾರವನ್ನು ನೆನೆದರೆ ನನಗೆ ಆ ಎತ್ತರ ತಾನಾಗಿ ಸಿಗುತ್ತಿತ್ತು. ಜೊತೆಗಾರರಿಗಾಗಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಿಗೆ ಹೊಂದಿಸಿಟ್ಟು, ಮೊದಲು ಬಾಸ್‌ನಿಂದ ಸಿ, ಅದರ ಮೇಲೆ ಜಿ, ಕೊನೆಗೆ ಇ ಫ್ಲ್ಯಾಟ್ ಸೇರಿಸುವ ಅಭ್ಯಾಸ ಮಾಡಿಸಿದೆ. ಇತರ ಕಾರ್ಡ್‌ಗಳಿಗೆ ಹೋಗುವಾಗ ತಂಬೂರಿಯನ್ನು ನಿಲ್ಲಿಸಿಬಿಡುತ್ತಿದ್ದೆವು.

ನಾಲ್ಕೂ ಸಾಲುಗಳು ಹೆಚ್ಚುಕಡಿಮೆ ಒಂದೇ ಲಯದಲ್ಲಿ ಸಾಗುವುದರಿಂದ ಒಬ್ಬರು ಕೂದಲೆಳೆಯಷ್ಟು ತಡವಾದರೂ ಅದು ಎದ್ದು ಕೇಳಿಸುತ್ತದೆ. ಕೈಸನ್ನೆಯಿಂದ ತಂಡವನ್ನು ನಡೆಸುವ ನಿರ್ವಾಹಕರಿಲ್ಲದ ನಾವು ಬಾಸ್ ಟ್ರೊಂಬೋನ್ ವಾದಕರ ಉಸಿರನ್ನೇ ಸೂಚನೆಯಾಗಿ ಹಿಡಿದೆವು, ಏಕೆಂದರೆ ಸ್ವರ ಹೊರಡಲು ಹೆಚ್ಚು ಹೊತ್ತು ಬೇಕಾದದ್ದು ಅವರ ವಾದ್ಯಕ್ಕೇ. ಪ್ರತಿ ಪದಗುಚ್ಛದ ಕೊನೆಯಲ್ಲಿ ನಾವು ನುಡಿಸಿದ ಚರ್ಚಿನ ಮಾರ್ದನಿ ಅಡಗುವವರೆಗೆ ತಡೆದು ಮುಂದಿನ ಉಸಿರು ತೆಗೆದುಕೊಂಡೆವು; ಎಣಿಕೆಗೆ ಅಂಟಿಕೊಂಡಿದ್ದರೆ ಒಂದು ಕಾರ್ಡ್ ಇನ್ನೊಂದರ ಮೇಲೆ ಬಿದ್ದು ಕಲಸಿಹೋಗುತ್ತಿತ್ತು.

ಧ್ವನಿಮುದ್ರಣಗಳಲ್ಲಿ ಪರಿಚಿತವಾದ ಡ್ರಮ್ಮಿನ ಸಾಲು ಪರ್ಸೆಲ್‌ನ ಸ್ವರಲಿಪಿಯಲ್ಲಿಲ್ಲ. ಅದು ನಮ್ಮ ಕಾಲದವರ ಸೇರ್ಪಡೆ. ಪರಿಣಾಮಕಾರಿ ಎಂಬುದು ನಿಜವಾದರೂ, ಕಾರ್ಡ್‌ಗಳ ನಡುವಿನ ಬಿಡುವನ್ನು ಅದು ತುಂಬಿಬಿಡುವುದರಿಂದ ನಾನು ಕೈಬಿಟ್ಟೆ. ಆಲ್ಟೊ ಟ್ರೊಂಬೋನ್ ಸಿಗದವರು ಆ ಸಾಲನ್ನು ಎರಡನೆಯ ಟ್ರಂಪೆಟ್ಟಿಗೆ ಕೊಡಬಹುದು, ಆದರೆ ಟ್ರಂಪೆಟ್ಟಿನ ಮೂರನೆಯ ವಾಲ್ವಿನ (ಒತ್ತುಗುಂಡಿಯ) ಶ್ರುತಿ ತಿದ್ದುವ ಸ್ಲೈಡನ್ನು ನುಡಿಸುತ್ತಲೇ ಸರಿಸಬಲ್ಲ ವಾದಕರನ್ನು ಆರಿಸಬೇಕು.