ಹಳೇ ಹಾರ್ಡ್ ಡಿಸ್ಕ್ ತಿರುಗುತ್ತಲೇ ಇಲ್ವಾ?
1980ರ ದಶಕದ ಸೀಗೇಟ್ ಎಸ್‌ಟಿ-225 ತರಹದ 20 ಎಂಬಿ ಡಿಸ್ಕ್‌ಗೆ ಪವರ್ ಕೊಟ್ಟರೂ ಸದ್ದೇ ಇಲ್ಲ ಅಂದರೆ, ಕೇಬಲ್, ಪವರ್ ಸಪ್ಲೈ ಸರಿಯಿದೆಯಾ ಮೊದಲು ನೋಡಿ. ಸರಿಯಿದ್ದರೆ ಹೆಡ್ಡು (ಡೇಟಾ ಓದುವ, ಬರೆಯುವ ಭಾಗ) ಒಳಗೆ ತಿರುಗುವ ತಟ್ಟೆಗೆ ಅಂಟಿಕೊಂಡಿರುವ ಸಾಧ್ಯತೆ ಜಾಸ್ತಿ. ಆ ಕಾಲದ ಡಿಸ್ಕ್‌ಗಳಲ್ಲಿ ಆಫ್ ಮಾಡಿದಾಗ ಹೆಡ್ಡು ತಟ್ಟೆಯ ಮೇಲೇ ಕೂರುತ್ತದೆ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಕಚ್ಚಿಕೊಳ್ಳುತ್ತದೆ.

ಬೆಲೆಬಾಳುವ ದಾಖಲೆಗಳಿದ್ದರೆ ನೀವು ಕೈ ಹಾಕಬೇಡಿ, ಡೇಟಾ ರಿಕವರಿಯವರಿಗೆ ಕೊಡಿ. ಇಲ್ಲದಿದ್ದರೆ ಪವರ್ ತೆಗೆದು, ಡಿಸ್ಕನ್ನು ಮಟ್ಟಸವಾಗಿ ಹಿಡಿದು, ಡಬ್ಬಿ ಮುಚ್ಚಳ ತಿರುಗಿಸುವ ಹಾಗೆ ಆಚೀಚೆ ಚುರುಕಾಗಿ ತಿರುಚಿ. ಕುಟ್ಟಬೇಡಿ, ಬಿಚ್ಚಬೇಡಿ. ಫ್ರೀಜರ್‌ನಲ್ಲಿಡುವ ಉಪಾಯವಂತೂ ಬೇಡವೇ ಬೇಡ, ಒಳಗೆ ತೇವ ಕೂರುತ್ತೆ.

ಮೇಜಿನ ಮೇಲಿಟ್ಟು ಪವರ್ ಕೊಡಿ. ಗುಂಯ್ ಅಂತ ಶುರುವಾಯ್ತಾ? ಬೇಕಾದ ಫೈಲ್‌ಗಳನ್ನು ಆಗಲೇ ಕಾಪಿ ಮಾಡಿ. ಮುಗಿಯೋವರೆಗೂ ಆಫ್ ಮಾಡಬೇಡಿ, ಮತ್ತೆ ಅಂಟಿಕೊಂಡೀತು.